ಹಳೆಯ ಸ್ಕ್ರೂ ಮೌಂಟ್ ಲೈಕಾಗೆ ಲೆನ್ಸ್ ಆರಿಸುವುದು ಹೇಗೆ: ಬಾಡಿ ಪರೀಕ್ಷೆಯಿಂದ ಮೊದಲ ರೋಲ್‌ವರೆಗೆ

ನಿಮ್ಮ ಕೈಯಲ್ಲಿ ಹಳೆಯ ಲೈಕಾ ಫಿಲ್ಮ್ ಕ್ಯಾಮೆರಾದ ಬಾಡಿ ಒಂದಿದೆ ಅಂದುಕೊಳ್ಳಿ. ಲೈಕಾ 2 ಅಥವಾ 3ರ ಸರಣಿಯದು, ಲೆನ್ಸನ್ನು ತಿರುಪಿನ ಹಾಗೆ ತಿರುಗಿಸಿ ಹಾಕುವಂಥದ್ದು. ಲೆನ್ಸ್ ಇಲ್ಲ, ಇಲ್ಲವೇ ಇರುವ ಲೆನ್ಸ್ ಹಾಳಾಗಿದೆ. ಹುಡುಕಲು ಕೂತರೆ ನೂರಾರು ಹೆಸರು ಎದುರಾಗುತ್ತವೆ. ಎಲ್ಮಾರ್, ಸುಮ್ಮಾರ್, ಜೂಪಿಟರ್, ಕ್ಯಾನನ್, ನಿಕ್ಕೊರ್. ಎಲ್ಲರೂ ಮೊದಲು ಕೇಳುವ ಪ್ರಶ್ನೆ, "ಯಾವುದು ಜಾಸ್ತಿ ಶಾರ್ಪ್?"

ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಈ ಕ್ಯಾಮೆರಾದ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ಬಾಡಿಯ ಕಿಟಕಿಯಲ್ಲಿ, ಅಂದರೆ ವ್ಯೂಫೈಂಡರಿನಲ್ಲಿ, ಎಷ್ಟು ಕಾಣುತ್ತೆ? ಇದರ ರೇಂಜ್‌ಫೈಂಡರ್ (ದೂರ ಅಳೆದು ಫೋಕಸ್ ಮಾಡಲು ಬಾಡಿಯಲ್ಲಿರುವ ಸಾಧನ) ಯಾವ ಲೆನ್ಸಿಗೆ ಸರಿಯಾಗಿ ಹೊಂದುತ್ತೆ? ಸಿಕ್ಕ ಲೆನ್ಸಿನ ಗಾಜು ಸ್ವಚ್ಛವಾಗಿದೆಯೇ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಹೆಸರಿನ ಮಾತು. ಸ್ವಚ್ಛವಾದ ಸಾಧಾರಣ ಲೆನ್ಸ್, ಮಬ್ಬು ಕವಿದ ದೊಡ್ಡ ಹೆಸರಿನ ಲೆನ್ಸಿಗಿಂತ ಎಷ್ಟೋ ಮೇಲು. ಇದನ್ನು ನಾನು ದುಡ್ಡು ಕೊಟ್ಟೇ ಕಲಿತದ್ದು.

ಹಂತ 1: ಬಾಡಿ ಯಾವುದು ಅಂತ ತಿಳಿದುಕೊಳ್ಳಿ

ಜರ್ಮನಿಯ ಲೈಟ್ಸ್ ಕಂಪನಿಯಲ್ಲಿ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂತು. ಆಗ ಲೆನ್ಸ್ ಬದಲಾಯಿಸುವಂತಿರಲಿಲ್ಲ. 1930ರಲ್ಲಿ ಬದಲಾಯಿಸುವ ಲೆನ್ಸ್ ಬಂತು. ಆದರೆ ಮೊದಮೊದಲು ಪ್ರತಿ ಲೆನ್ಸನ್ನೂ ಒಂದೊಂದು ಬಾಡಿಗೇ ಹೊಂದಿಸಿ ಕೊಡುತ್ತಿದ್ದರು. 1931ರಲ್ಲಿ ಅಳತೆ ಏಕರೂಪವಾಯಿತು. ಆಗಿನ ಬಾಡಿಗಳಲ್ಲಿ ಲೆನ್ಸ್ ಕೂರುವ ಉಂಗುರದ ಮೇಲೆ ಸೊನ್ನೆ ಕೊರೆದಿರುತ್ತಾರೆ. 1932ರ ಲೈಕಾ 2ರಿಂದ ಈಚೆಗೆ ಈ ಚಿಂತೆ ಇಲ್ಲ. ರೇಂಜ್‌ಫೈಂಡರ್ ಲೆನ್ಸಿಗೆ ಜೋಡಿಯಾದದ್ದೂ ಅದೇ ಮಾದರಿಯಿಂದ.

ಇನ್ನೊಂದು ಅನುಮಾನವನ್ನೂ ಬಗೆಹರಿಸಿಕೊಳ್ಳಿ: ಅದು ನಿಜವಾಗಿಯೂ ಲೈಕಾನಾ? ಸೋವಿಯತ್ ಫೆಡ್ ಮತ್ತು ಜೋರ್ಕಿ ಕ್ಯಾಮೆರಾಗಳ ಮೇಲೆ ಲೈಕಾ ಹೆಸರು ಕೊರೆದು ಮಾರುವುದು ಹಳೆಯ ದಂಧೆ. ಲೆನ್ಸ್ ಬಿಚ್ಚಿ ಒಳಗೆ ಮೇಲ್ಭಾಗ ನೋಡಿ. ಲೆನ್ಸಿನ ಹಿಂಬದಿಯನ್ನು ಒತ್ತಿಕೊಂಡು ಕೂರುವ ಸಣ್ಣ ತೋಳು ಕಾಣುತ್ತದೆ. ಲೈಕಾದಲ್ಲಿ ಆ ತೋಳಿನ ತುದಿಗೆ ಪುಟ್ಟ ಗಾಲಿ ಇರುತ್ತದೆ. ಫೆಡ್ ಮತ್ತು ಜೋರ್ಕಿಗಳಲ್ಲಿ ಸಾಮಾನ್ಯವಾಗಿ ಗಾಲಿ ಇರುವುದಿಲ್ಲ, ಬೆಣೆಯಂಥ ತುದಿ ಇರುತ್ತದೆ. ಹಾಗಂತ ಬೇಸರ ಬೇಡ. ಚೆನ್ನಾಗಿ ಕೆಲಸ ಮಾಡುವ ಜೋರ್ಕಿಯಲ್ಲಿ ಒಳ್ಳೆಯ ಚಿತ್ರ ಬರುತ್ತದೆ. ಆದರೆ ಯಾವುದು ಅಂತ ಗೊತ್ತಿದ್ದರೆ ಮುಂದಿನ ಲೆಕ್ಕ ತಪ್ಪುವುದಿಲ್ಲ.

ಹಂತ 2: ಥ್ರೆಡ್ ಕೂತರೆ ಸಾಲದು

ಹೊಸಬರು ಹೆಚ್ಚು ಮೋಸ ಹೋಗುವುದು ಇಲ್ಲಿ. 39 ಎಂಎಂ ವ್ಯಾಸದ ಥ್ರೆಡ್ (ತಿರುಪಿನ ಸುತ್ತು) ಇರುವ ಲೆನ್ಸೆಲ್ಲ ಲೈಕಾಗೆ ಆಗುವುದಿಲ್ಲ. ಲೆನ್ಸ್ ಕೂರುವ ಉಂಗುರದಿಂದ ಫಿಲ್ಮ್‌ವರೆಗಿನ ದೂರ ಲೈಕಾದಲ್ಲಿ 28.8 ಎಂಎಂ. ಹಳೆಯ ಜೆನಿಟ್ ಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ) ಕ್ಯಾಮೆರಾಗಳಿಗೂ 39 ಎಂಎಂ ಥ್ರೆಡ್ಡೇ, ಆದರೆ ಅವುಗಳಲ್ಲಿ ಆ ದೂರ 45.2 ಎಂಎಂ. ಜೆನಿಟ್ ಲೆನ್ಸ್ ನಿಮ್ಮ ಲೈಕಾದಲ್ಲಿ ಚೆನ್ನಾಗಿಯೇ ಕೂರುತ್ತದೆ, ಫೋಕಸ್ ಮಾತ್ರ ಬರುವುದಿಲ್ಲ. ಬ್ರೌನ್ ಕಂಪನಿಯ ಪ್ಯಾಕ್ಸೆಟ್ ಲೆನ್ಸುಗಳ ಕಥೆಯೂ ಇದೇ. ಡಾರ್ಕ್‌ರೂಮಿನ ಎನ್‌ಲಾರ್ಜರ್ ಲೆನ್ಸುಗಳಿಗೂ ಲೈಕಾ ಥ್ರೆಡ್ ಇರುತ್ತದೆ, ಆದರೆ ಫೋಕಸ್ ಮಾಡುವ ಉಂಗುರವೇ ಇರುವುದಿಲ್ಲ.

ಹಾಗಾಗಿ ಮಾರುವವರು "39 ಎಂಎಂ ಸ್ಕ್ರೂ" ಅಂದರೆ ಅಷ್ಟಕ್ಕೇ ಒಪ್ಪಬೇಡಿ. ಲೆನ್ಸಿನ ಹಿಂಬದಿಯ ಫೋಟೊ ಕೇಳಿ. ರೇಂಜ್‌ಫೈಂಡರಿಗೆ ಅಂತಲೇ ಮಾಡಿದ ಲೆನ್ಸಿನ ಹಿಂದೆ ನಯವಾದ ಲೋಹದ ಉಂಗುರವೋ ಪಟ್ಟಿಯೋ ಇರುತ್ತದೆ. ಫೋಕಸ್ ತಿರುಗಿಸಿದರೆ ಅದು ಹಿಂದೆ ಮುಂದೆ ಸರಿಯುತ್ತದೆ. ಬಾಡಿಯೊಳಗಿನ ತೋಳು ಒತ್ತಿಕೊಳ್ಳುವುದು ಅದನ್ನೇ.

ಸೋವಿಯತ್ ಲೆನ್ಸುಗಳ ಬಗ್ಗೆ ಇನ್ನೊಂದು ವಿಷಯ. ಅವುಗಳಲ್ಲಿ ಬಹಳಷ್ಟು, ಜರ್ಮನಿಯ ಜೈಸ್ ಕಂಪನಿಯ ಕಾಂಟ್ಯಾಕ್ಸ್ ಲೆನ್ಸುಗಳನ್ನು ಆಧರಿಸಿ ಮಾಡಿದವು. ಕಾಂಟ್ಯಾಕ್ಸ್ ಫೋಕಸ್ಸಿನ ಅಳತೆ ಲೈಕಾದ್ದಕ್ಕಿಂತ ಸ್ವಲ್ಪ ಬೇರೆ, ಹಾಗಾಗಿ ದೂರದ ವಸ್ತುವಿಗೆ ಲೈಕಾದಲ್ಲಿ ಸರಿ ಕೂತ ಜೂಪಿಟರ್, ಹತ್ತಿರದ ಮುಖಕ್ಕೆ ಒಂದೆರಡು ಸೆಂಟಿಮೀಟರ್ ತಪ್ಪಬಹುದು. ಇದು ಎಷ್ಟು ತೊಂದರೆ ಅನ್ನುವುದು ಅಪರ್ಚರ್ ಮೇಲೆ, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಮೇಲೆ ನಿಂತಿದೆ. ಎಫ್ ಅಂಕಿ ಚಿಕ್ಕದಾದಷ್ಟೂ ಆ ಕಿಂಡಿ ದೊಡ್ಡದು. 50 ಎಂಎಂ ಲೆನ್ಸಿನಲ್ಲಿ (ಇದು ಥ್ರೆಡ್ಡಿನ ಅಳತೆಯಲ್ಲ, ಲೆನ್ಸಿನ ಫೋಕಲ್ ಲೆಂತ್; ಅಂಕಿ ಚಿಕ್ಕದಾದಷ್ಟೂ ದೃಶ್ಯ ಅಗಲ) ಒಂದು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಎಫ್ 3.5ರಲ್ಲಿ ಸುಮಾರು 8 ಸೆಂ.ಮೀ. ಆಳದಷ್ಟು ಜಾಗ ಸ್ಪಷ್ಟವಾಗಿರುತ್ತದೆ. ಎಫ್ 1.5ರಲ್ಲಿ ಮೂರೂವರೆ ಸೆಂ.ಮೀ. ಮಾತ್ರ. ಸಣ್ಣ ತಪ್ಪನ್ನು ಎಫ್ 3.5ರ ಸೋವಿಯತ್ ಲೆನ್ಸ್ ಇಂಡಸ್ಟಾರ್ ನುಂಗಿಕೊಳ್ಳುತ್ತದೆ. ಎಫ್ 1.5ರ ಜೂಪಿಟರ್-3ರಲ್ಲಿ ಮಾತ್ರ ಕಣ್ಣಿಗೆ ಇಟ್ಟ ಫೋಕಸ್ ಕಿವಿಗೆ ಹೋಗಿ ಕೂರುತ್ತದೆ.

ಹಂತ 3: ಕಿಟಕಿಯಲ್ಲಿ ಏನು ಕಾಣುತ್ತೆ ಅಂತ ನೋಡಿ

ಲೈಕಾ 2ರಿಂದ 3ಎಫ್‌ವರೆಗಿನ ಬಾಡಿಗಳ ವ್ಯೂಫೈಂಡರ್ 50 ಎಂಎಂ ಲೆನ್ಸಿಗೆ ಮಾತ್ರ. ಒಳಗೆ ಚೌಕಟ್ಟಿನ ಗೆರೆಗಳಿಲ್ಲ. ಸಣ್ಣ ಕಿಟಕಿ, ಅಷ್ಟೇ. 1957ರ 3ಜಿಯಲ್ಲಿ 50 ಮತ್ತು 90 ಎರಡಕ್ಕೂ ಗೆರೆ ಬಂತು. ಇದೇ ಥ್ರೆಡ್ಡಿನ ಕ್ಯಾನನ್ ಪಿ ನಿಮ್ಮಲ್ಲಿದ್ದರೆ 35, 50, 100ಕ್ಕೆ ಗೆರೆಗಳಿರುತ್ತವೆ.

ಇದರ ಅರ್ಥ ಸರಳ. 35 ಎಂಎಂ ಲೆನ್ಸ್ ಕೊಂಡರೆ, ಬಾಡಿಯ ತಲೆಯ ಮೇಲೆ ಸಿಕ್ಕಿಸುವ ಬೇರೆ ಫೈಂಡರ್ ಒಂದನ್ನೂ ಕೊಳ್ಳಬೇಕು. ರೇಂಜ್‌ಫೈಂಡರ್ ಕಿಟಕಿಯಲ್ಲಿ ಫೋಕಸ್, ಆಮೇಲೆ ಕಣ್ಣು ಮೇಲಿನ ಫೈಂಡರಿಗೆ. ಅಭ್ಯಾಸವಾದರೆ ಕಷ್ಟವೇನಲ್ಲ. ಆದರೆ ಮೊದಲ ಲೆನ್ಸಿಗೇ ಇಷ್ಟು ಗೋಜಲು ಬೇಡ. ಹಾಗಾಗಿ ನನ್ನ ಸಲಹೆ ಖಡಾಖಂಡಿತ: ಮೊದಲ ಲೆನ್ಸ್ 50 ಎಂಎಂ ಇರಲಿ. ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸೊನ್ ತಮ್ಮ ಹೆಚ್ಚಿನ ಕೆಲಸವನ್ನು ಲೈಕಾ ಮತ್ತು 50 ಎಂಎಂ ಲೆನ್ಸಿನಲ್ಲೇ ಮಾಡಿದವರು. ಒಂದು ವರ್ಷ ಅದೊಂದರಲ್ಲೇ ತೆಗೆದರೆ ನಮಗೂ ಕಳೆದುಕೊಳ್ಳುವುದೇನಿಲ್ಲ.

ಲೆನ್ಸಿನ ಗಾತ್ರವನ್ನೂ ಮರೆಯಬೇಡಿ. ಕ್ಯಾನನ್ 50 ಎಂಎಂ ಎಫ್ 1.2ನಂಥ ದಪ್ಪ ಲೆನ್ಸ್ ಹಾಕಿದರೆ ಕಿಟಕಿಯ ಕೆಳಗಿನ ಮೂಲೆ ಮುಚ್ಚಿಕೊಳ್ಳುತ್ತದೆ. ಜೇಬಿನಲ್ಲಿ ಇಡುವ ಕ್ಯಾಮೆರಾ ಕೊರಳಿಗೆ ಭಾರವಾಗುತ್ತದೆ.

ಹಂತ 4: ಯಾವ 50?

ನನಗೆ ತುಂಬಾ ಇಷ್ಟವಾದದ್ದು ಎಲ್ಮಾರ್ 50 ಎಂಎಂ ಎಫ್ 3.5. ಲೈಟ್ಸ್ ಕಂಪನಿಯ ಮ್ಯಾಕ್ಸ್ ಬೆರೆಕ್ ಲೆಕ್ಕ ಹಾಕಿ ರೂಪಿಸಿದ ಲೆನ್ಸ್, ಸುಮಾರು ಮೂರು ದಶಕ ತಯಾರಾಯಿತು. ಒಳಗೆ ನಾಲ್ಕೇ ಗಾಜು. ಒತ್ತಿದರೆ ಬಾಡಿಯೊಳಗೆ ಹೋಗುತ್ತದೆ, ಕ್ಯಾಮೆರಾ ಅಂಗಿಯ ದೊಡ್ಡ ಜೇಬಿಗೆ ಬರುತ್ತದೆ. ಬಳಸುವಾಗ ಎಳೆದು, ಬಲಕ್ಕೆ ತಿರುಗಿಸಿ ಭದ್ರ ಮಾಡಬೇಕು. ಇದನ್ನು ಮರೆತರೆ ರೋಲ್ ಪೂರ್ತಿ ಮಸುಕು. ಕಿಟಕಿಯಲ್ಲಿ ನೋಡಿದರೆ ಗೊತ್ತೇ ಆಗುವುದಿಲ್ಲ. ಅಪರ್ಚರ್ ಬದಲಾಯಿಸುವ ಕಡ್ಡಿ ಮುಂದಿನ ಗಾಜಿನ ಸುತ್ತ, ಉಗುರಿನ ತುದಿಯಲ್ಲಿ ತಳ್ಳಬೇಕಾದಷ್ಟು ಚಿಕ್ಕದು. ಹೊರಗಿನ ಬೆಳಕಿಗೆ, ಊರು ಸುತ್ತಲು ಇದು ಬೇಕಾದಷ್ಟಾಯಿತು. ಸಂಜೆ ಮನೆಯೊಳಗೆ ಮಾತ್ರ ಸಾಲದು.

ಹಳೆಯ ಎಲ್ಮಾರ್ ಮೇಲೆ 6.3, 9, 12.5, 18 ಅಂತೆಲ್ಲ ಅಂಕಿ ಇದ್ದರೆ ಗಾಬರಿ ಬೇಡ. ಅವು ಹಳೆಯ ಕ್ರಮದ ಅಂಕಿಗಳು. ಇಂದಿನ 5.6, 8, 11, 16ಕ್ಕಿಂತ ಮೂರನೇ ಒಂದು ಸ್ಟಾಪಿನಷ್ಟು ಮಾತ್ರ ಬೇರೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಇಲ್ಲವೇ ಅರ್ಧ ಆಗುವುದು). ನೆಗೆಟಿವ್ ಫಿಲ್ಮಿನಲ್ಲಿ ಆ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ.

ಎಲ್ಮಾರ್ ಅಂತ ಹೇಳಿ ಸೋವಿಯತ್ ಇಂಡಸ್ಟಾರ್ ಮಾರುವುದೂ ಉಂಟು. ಪತ್ತೆ ಮಾಡುವುದು ಸುಲಭ. ಮುಂದಿನಿಂದ ನೋಡುತ್ತಾ ಅಪರ್ಚರ್ ಚಿಕ್ಕದು ಮಾಡಿ. ಎಲ್ಮಾರ್‌ನಲ್ಲಿ ಅಪರ್ಚರಿನ ಎಲೆಗಳು ಮೊದಲ ಗಾಜಿನ ಹಿಂದೆಯೇ ಇರುತ್ತವೆ. ಇಂಡಸ್ಟಾರ್‌ನಲ್ಲಿ ಇನ್ನೊಂದು ಗಾಜು ದಾಟಿ ಆಳದಲ್ಲಿರುತ್ತವೆ. ಇಂಡಸ್ಟಾರ್-22 ಆಗಲಿ ಇಂಡಸ್ಟಾರ್-50 ಆಗಲಿ, ತಮ್ಮ ಹೆಸರಿನಲ್ಲೇ ಸಿಕ್ಕಿದರೆ ಕಡಿಮೆ ದುಡ್ಡಿಗೆ ಒಳ್ಳೆಯ ಲೆನ್ಸುಗಳು.

ಎಫ್ 2 ಬೇಕು ಅನ್ನುವವರಿಗೆ ಆಯ್ಕೆ ಜಾಸ್ತಿ. 1933ರ ಸುಮ್ಮಾರ್ ನೋಡಲು ಚಂದ. ಆದರೆ ಅದರ ಮುಂದಿನ ಗಾಜು ಮೆದು, ಹಳೆಯ ಮಾಲೀಕರು ಅಂಗಿಯಲ್ಲಿ ಒರೆಸಿದ ಗೀರುಗಳೆಲ್ಲ ಉಳಿದಿರುತ್ತವೆ. ಗೀರಿಲ್ಲದ ಸುಮ್ಮಾರ್ ಸಿಗುವುದು ಅಪರೂಪ. 1939ರ ಸುಮ್ಮಿಟಾರ್ ಅದಕ್ಕಿಂತ ಒಳ್ಳೆಯದು. ಯುದ್ಧದ ನಂತರದ್ದಾದರೆ ಗಾಜಿಗೆ ಲೇಪನವೂ ಇರುತ್ತದೆ. 1953ರ ಮಡಚುವ ಸುಮ್ಮಿಕ್ರಾನ್ ಇವೆಲ್ಲಕ್ಕಿಂತ ಶಾರ್ಪ್, ಬೆಲೆಯೂ ಹಾಗೇ.

ಲೇಪನ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲೇಪನ ಇಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲೂ ಬೆಳಕಿನ ಶೇ. 4ರಿಂದ 5ರಷ್ಟು ಹಿಂದಕ್ಕೆ ಪ್ರತಿಫಲಿಸುತ್ತದೆ. ಎಲ್ಮಾರ್‌ನ ನಾಲ್ಕು ಗಾಜುಗಳಲ್ಲಿ ಎರಡು ಒಂದಕ್ಕೊಂದು ಅಂಟಿವೆ, ಹಾಗಾಗಿ ಗಾಳಿಗೆ ತೆರೆದ ಮೇಲ್ಮೈ ಆರು. ಸುಮ್ಮಾರ್‌ನಲ್ಲಿ ಎಂಟು. ಆರು ಮೇಲ್ಮೈ ದಾಟುವಷ್ಟರಲ್ಲಿ ಸುಮಾರು ಕಾಲು ಭಾಗ ಬೆಳಕು ಹೋಗಿರುತ್ತದೆ. ಹೋದದ್ದೆಲ್ಲ ಆಚೆ ಹೋದರೆ ಪರವಾಗಿಲ್ಲ. ಒಂದಷ್ಟು ಒಳಗೇ ಓಡಾಡಿ ನೆರಳಿನ ಜಾಗಕ್ಕೆ ಬೂದು ಬಳಿಯುತ್ತದೆ. ಜೈಸ್‌ನ ಸೊನ್ನಾರ್ ವಿನ್ಯಾಸ ಆ ಕಾಲದಲ್ಲಿ ಗೆದ್ದದ್ದು ಇದೇ ಕಾರಣಕ್ಕೆ. ಎಫ್ 2ರ ಸೊನ್ನಾರ್‌ನಲ್ಲಿ ಆರು ಗಾಜಿದ್ದರೂ ಮೂರೇ ಗುಂಪು, ತೆರೆದ ಮೇಲ್ಮೈ ಆರೇ. ಸೋವಿಯತ್ ಜೂಪಿಟರ್-8 ಅದೇ ವಿನ್ಯಾಸದ್ದು. ಅದರ ಮುಂಭಾಗದಲ್ಲಿ ಬಾಗಿಲ ಚೌಕಟ್ಟಿನ ಆಕಾರದ ಕೆಂಪು ರಷ್ಯನ್ ಅಕ್ಷರ ಇದ್ದರೆ ಲೇಪನ ಇದೆ ಅಂತ ಅರ್ಥ.

ಜಪಾನಿನ ನಿಕ್ಕೊರ್ 50 ಎಂಎಂ ಎಫ್ 2 ಕೂಡ ಸೊನ್ನಾರ್ ಮನೆತನದ್ದೇ. 1950ರಲ್ಲಿ ಲೈಫ್ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್, ಜಪಾನಿನ ಜುನ್ ಮಿಕಿ ನಿಕ್ಕೊರ್ 85ರಲ್ಲಿ ತೆಗೆದ ಚಿತ್ರ ನೋಡಿ ಬೆರಗಾದರು. ಕೊರಿಯಾ ಯುದ್ಧಕ್ಕೆ ಹೋದಾಗ ತಮ್ಮ ಲೈಕಾಗೆ ನಿಕ್ಕೊರ್ ಲೆನ್ಸುಗಳನ್ನೇ ಹಾಕಿಕೊಂಡರು. ಜಪಾನಿನ ಲೆನ್ಸುಗಳ ಕಡೆ ಲೋಕ ತಿರುಗಿದ್ದರಲ್ಲಿ ಆ ಘಟನೆಯ ಪಾಲು ದೊಡ್ಡದು. ಅವು ಲೈಕಾ ಅಳತೆಗೇ ಮಾಡಿದ ಲೆನ್ಸುಗಳಾದ್ದರಿಂದ ಫೋಕಸ್ ಚಿಂತೆ ಕಡಿಮೆ. ಕ್ಯಾನನ್ 50 ಎಂಎಂ ಎಫ್ 1.8 ಕೂಡ ಹಾಗೇ. ದುಡ್ಡಿಗೆ ಸಿಗುವ ಗುಣ ನೋಡಿದರೆ ನನ್ನ ಮೊದಲ ಸಲಹೆ ಇದೇ ಕ್ಯಾನನ್. ಒಂದೇ ಎಚ್ಚರಿಕೆ: ಅಪರ್ಚರಿನ ಹಿಂದಿನ ಗಾಜಿನಲ್ಲಿ ಮಬ್ಬು ಕಟ್ಟುವುದು ಇದರ ಹಳೆಯ ರೋಗ. ಕೆಲವೊಮ್ಮೆ ಆ ಮಬ್ಬು ಗಾಜನ್ನೇ ತಿಂದಿರುತ್ತದೆ, ಒರೆಸಿದರೂ ಹೋಗುವುದಿಲ್ಲ.

ಹಂತ 5: ಟಾರ್ಚ್ ಹಿಡಿದು ಗಾಜು ನೋಡಿ

ಈ ಹಂತಕ್ಕೆ ಅರ್ಧ ಗಂಟೆ ಕೊಡಿ, ಅವಸರ ಬೇಡ. ಅಪರ್ಚರ್ ಪೂರ್ತಿ ತೆರೆಯಿರಿ. ಫೋಕಸ್ ಅನಂತಕ್ಕೆ ಇಡಿ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದೆ ಸ್ವಲ್ಪ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಆಮೇಲೆ ತಿರುಗಿಸಿ ಹಿಡಿಯಿರಿ.

ಧೂಳಿನ ಕಣಗಳು ನಕ್ಷತ್ರದ ಹಾಗೆ ಮಿನುಗುತ್ತವೆ. ಅವುಗಳಿಂದ ಏನೂ ಆಗುವುದಿಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಅದು ಬೂಷ್ಟು, ಅಂದರೆ ಫಂಗಸ್. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಬಿಚ್ಚಿ ಒರೆಸಿಸಬಹುದು. ಮಧ್ಯದವರೆಗೂ ಹರಡಿದ್ದರೆ ಕೈಬಿಡಿ. ಚಳಿಗಾಲದ ಬೆಳಗ್ಗೆ ಕನ್ನಡಿಗೆ ಬಾಯಿಂದ ಗಾಳಿ ಊದಿದಂತೆ ಗಾಜು ಪೂರ್ತಿ ತೆಳುವಾಗಿ ಬೆಳ್ಳಗೆ ಕಂಡರೆ ಅದು ಮಬ್ಬು. ಹಗಲು ಬೆಳಕಿನಲ್ಲಿ ಇದು ಕಾಣುವುದೇ ಇಲ್ಲ, ಮೋಸ ಆಗುವುದೂ ಹೀಗೇ. ಅಂಚಿನಿಂದ ಒಳಗೆ ಬಣ್ಣಬಣ್ಣದ ಕಲೆಯೋ ಗುಳ್ಳೆಯೋ ಹಬ್ಬಿದ್ದರೆ, ಗಾಜುಗಳ ನಡುವಿನ ಅಂಟು ಬಿಟ್ಟಿದೆ ಅಂತ. ಅದರ ರಿಪೇರಿ ಎಲ್ಲರ ಕೈಲಿ ಆಗುವ ಕೆಲಸವಲ್ಲ.

ನಾನು ಮೊದಲು ಕೊಂಡ ಸುಮ್ಮಿಟಾರ್ ಬಗ್ಗೆ ಮಾರಿದವರು "ಒಳಗೆ ಸ್ವಲ್ಪ ಧೂಳು ಅಷ್ಟೇ" ಅಂದಿದ್ದರು. ನಂಬಿದೆ. ಮೊದಲ ರೋಲಿನಲ್ಲಿ, ನಮ್ಮ ಊರಿನ ಮನೆಯ ಬಾಗಿಲಲ್ಲಿ ಅಜ್ಜಿ ಹೂ ಕಟ್ಟುತ್ತಾ ಕೂತಿದ್ದನ್ನು ಒಳಗಿನಿಂದ ತೆಗೆದಿದ್ದೆ. ಹಿಂದೆ ಅಂಗಳದ ಬಿಸಿಲು. ಪ್ರಿಂಟ್ ಬಂದಾಗ ಅಜ್ಜಿಯ ಮುಖದ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಹೊಗೆ. ಕೈಯ ಹೂವಿನ ದಾರ ಮಾತ್ರ ಅಲ್ಲಲ್ಲಿ ಕಾಣುತ್ತಿತ್ತು. ಮನೆಗೆ ಬಂದು ಟಾರ್ಚ್ ಹಾಕಿದರೆ ಹಿಂದಿನ ಗಾಜಿನ ಗುಂಪು ಪೂರ್ತಿ ಬೆಳ್ಳಗೆ. ಆಮೇಲೆ ಬಿಚ್ಚಿಸಿ ಒರೆಸಿದ ಮೇಲೆ ಲೆನ್ಸ್ ಸರಿಹೋಯಿತು. ಆದರೆ ಅಂಥ ಬೆಳಕಿನಲ್ಲಿ ಅಜ್ಜಿ ಮತ್ತೆ ಕೂತು ಸಿಗಲಿಲ್ಲ.

ಗೀರುಗಳ ವಿಷಯದಲ್ಲಿ, ಮುಂದಿನ ಗಾಜಿನ ಒಂದೆರಡು ಗೀರು ಸಹಿಸಬಹುದು. ಹಿಂದಿನ ಗಾಜಿನ ಗೀರು ಚಿತ್ರಕ್ಕೆ ಹೆಚ್ಚು ಕೆಡುಕು. ಆಮೇಲೆ ಫೋಕಸ್ ಉಂಗುರ ತಿರುಗಿಸಿ. ಒಂದೇ ಸಮ ತಿರುಗಬೇಕು. ಗ್ರೀಸ್ ಒಣಗಿ ಬಿಗಿಯಾಗಿದ್ದರೆ ಸರ್ವಿಸ್ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ. ಸಡಿಲವಾಗಿ ಅಲ್ಲಾಡಿದರೆ ಬೇಡ.

ದೂರದಿಂದ ತರಿಸುವುದಾದರೆ, ಟಾರ್ಚ್ ಹಾಕಿ ಮುಂದಿನಿಂದ ಒಂದು, ಹಿಂದಿನಿಂದ ಒಂದು, ಥ್ರೆಡ್ ಕಾಣುವಂತೆ ಒಂದು, ಹೀಗೆ ಮೂರು ಫೋಟೊ ಕೇಳಿ. ಕೊಡಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ವಿದೇಶದಿಂದ ಬಂದರೆ ಕಸ್ಟಮ್ಸ್ ಸುಂಕ ಬೀಳುತ್ತದೆ, ಅದನ್ನು ಮೊದಲೇ ಲೆಕ್ಕದಲ್ಲಿಡಿ.

ಹಂತ 6: ಎರಡನೆಯ ಲೆನ್ಸ್

35 ಎಂಎಂ ಬೇಕೆನಿಸಿದರೆ ಲೈಟ್ಸ್‌ನ ಸುಮ್ಮರಾನ್ ಎಫ್ 3.5, ಕ್ಯಾನನ್ 35 ಎಂಎಂ ಎಫ್ 2.8, ಸೋವಿಯತ್ ಜೂಪಿಟರ್-12 ನೋಡಿ. ಜೂಪಿಟರ್-12ರ ಹಿಂದಿನ ಗಾಜು ಉಬ್ಬಿಕೊಂಡು ತುಂಬಾ ಹೊರಗೆ ಬಂದಿರುತ್ತದೆ. ಅದಕ್ಕೆ ಅಂತಲೇ ಮಾಡಿದ ಆಳದ ಮುಚ್ಚಳ ಇಲ್ಲದೆ ಮೇಜಿನ ಮೇಲೆ ಇಡಬೇಡಿ. ಫೈಂಡರಿಗೆ ಹೆಚ್ಚು ದುಡ್ಡು ಹಾಕಲಾಗದಿದ್ದರೆ, ತಿರುಗಿಸಿದರೆ 28ರಿಂದ 135ರವರೆಗೆ ಐದು ಲೆನ್ಸಿಗೆ ಆಗುವ ಸೋವಿಯತ್ ಫೈಂಡರ್ ಸಿಗುತ್ತದೆ.

ಮುಖಗಳಿಗೆ 90 ಎಂಎಂ ಎಲ್ಮಾರ್ ಎಫ್ 4. ಹಗುರ, ಬೆಲೆ ಕಡಿಮೆ. ಲೈಕಾ 3ರಿಂದ ಈಚೆಗಿನ ಬಾಡಿಗಳಲ್ಲಿ ರೇಂಜ್‌ಫೈಂಡರ್ ಒಂದೂವರೆ ಪಟ್ಟು ದೊಡ್ಡದಾಗಿ ತೋರಿಸುವುದರಿಂದ ಈ ಲೆನ್ಸಿನ ಫೋಕಸ್ ಚೆನ್ನಾಗಿ ಸಿಗುತ್ತದೆ. ಜೂಪಿಟರ್-9, 85 ಎಂಎಂ ಎಫ್ 2, ಚಂದದ ಲೆನ್ಸೇ. ಆದರೆ ಹಂತ 2ರಲ್ಲಿ ಹೇಳಿದ ಫೋಕಸ್ ತೊಂದರೆ ಇದರಲ್ಲಿ ಇನ್ನೂ ಹೆಚ್ಚು.

ಹಂತ 7: ಮೊದಲ ರೋಲ್

ಈ ಲೈಕಾಗಳ ಹಿಂಬದಿ ತೆರೆಯುವುದಿಲ್ಲ, ಫಿಲ್ಮ್ ತಳದಿಂದ ಹಾಕಬೇಕು. ಹಾಗಾಗಿ ಫಿಲ್ಮಿನ ಜಾಗದಲ್ಲಿ ಮಬ್ಬುಗಾಜು ಇಟ್ಟು ಫೋಕಸ್ ನೋಡಲು ಆಗದು. ಒಂದು ರೋಲನ್ನು ಪರೀಕ್ಷೆಗೇ ಮೀಸಲಿಡಿ. ಕಪ್ಪು ಬಿಳುಪಿನದ್ದು, 100 ಐಎಸ್‌ಒ ಸಾಕು.

ಜಗಲಿಯ ನೆರಳಲ್ಲಿ ಮಾಡಿ, ಬಿಸಿಲಲ್ಲಿ ಬೇಡ. ಅಪರ್ಚರ್ ಪೂರ್ತಿ ತೆರೆದು ತೆಗೆಯಬೇಕು, ಬಿಸಿಲಿಗೆ ಈ ಕ್ಯಾಮೆರಾದ ಶಟರ್ ವೇಗ ಸಾಲುವುದಿಲ್ಲ. ಅಡುಗೆ ಮನೆಯಿಂದ ಅಕ್ಷರ ಬರೆದ ಐದು ಡಬ್ಬಿ ತನ್ನಿ. ಮೇಜಿನ ಮೇಲೆ ಓರೆ ಸಾಲಿನಲ್ಲಿ, ಒಂದಕ್ಕಿಂತ ಇನ್ನೊಂದು ಮೂರು ಸೆಂ.ಮೀ. ಹಿಂದಿರುವಂತೆ ಜೋಡಿಸಿ. ಕ್ಯಾಮೆರಾವನ್ನು ಪುಸ್ತಕಗಳ ಮೇಲೆ ಕೂರಿಸಿ. ಮೂರನೆಯ ಡಬ್ಬಿ ಒಂದು ಮೀಟರ್ ದೂರದಲ್ಲಿರಲಿ. ಅದರ ಅಕ್ಷರಕ್ಕೆ ಫೋಕಸ್ ಮಾಡಿ ಮೂರು ಸಲ ತೆಗೆಯಿರಿ. ಪ್ರತಿ ಸಲವೂ ಫೋಕಸ್ ಕೆಡಿಸಿ ಹೊಸದಾಗಿ ಮಾಡಿ. ಆಮೇಲೆ ದೂರದ ಗೋಪುರವೋ ಮೊಬೈಲ್ ಟವರೋ ಒಂದಕ್ಕೆ. ಕೊನೆಗೆ ಕಿಟಕಿಗೆ ಬೆನ್ನು ಹಾಕಿ ಕೂತವರದ್ದು ಒಂದು, ಮಬ್ಬು ಪರೀಕ್ಷೆಗೆ. ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಡಿ.

ಮೂರು ಚಿತ್ರದಲ್ಲೂ ಮೂರನೆಯ ಡಬ್ಬಿಯೇ ಎಲ್ಲಕ್ಕಿಂತ ಸ್ಪಷ್ಟವಾಗಿದ್ದರೆ ಲೆನ್ಸ್ ನಿಮ್ಮದು. ಪ್ರತಿ ಸಲವೂ ಎರಡನೆಯದೋ ನಾಲ್ಕನೆಯದೋ ಹೆಚ್ಚು ಸ್ಪಷ್ಟವಾಗಿದ್ದರೆ ಲೆನ್ಸ್ ಮತ್ತು ಬಾಡಿಯ ಹೊಂದಾಣಿಕೆ ತಪ್ಪಿದೆ. ಇನ್ನೊಂದು ಲೆನ್ಸಿನಲ್ಲೂ ಹಾಗೇ ಆದರೆ ತಪ್ಪು ಬಾಡಿಯ ರೇಂಜ್‌ಫೈಂಡರಿನದು, ಮೆಕ್ಯಾನಿಕ್ ಸರಿಮಾಡುತ್ತಾರೆ. ಒಂದೊಂದು ಸಲ ಒಂದೊಂದು ಡಬ್ಬಿ ಬಂದರೆ, ಫೋಕಸ್ ಮಾಡುವ ನಿಮ್ಮ ಕೈ ಇನ್ನೂ ಪಳಗಬೇಕು, ಅಥವಾ ಲೆನ್ಸ್ ಒಳಗೆ ಸಡಿಲವಾಗಿದೆ.

ಹೊರಗೆ ಓಡಾಡುವಾಗ ಲೆನ್ಸಿಗೆ ಹುಡ್ (ಓರೆ ಬೆಳಕು ತಡೆಯುವ ಮರೆ) ಹಾಕಿ. ಲೇಪನ ಇಲ್ಲದ ಲೆನ್ಸಿಗಂತೂ ಅದು ಬೇಕೇ ಬೇಕು. ಇನ್ನೊಂದು ಮಾತು: ಈ ಕ್ಯಾಮೆರಾದಲ್ಲಿ ಕನ್ನಡಿ ಇಲ್ಲ, ಶಟರಿನ ಪರದೆ ಬಟ್ಟೆಯದು. ಲೆನ್ಸ್ ಸೂರ್ಯನ ಕಡೆ ಮುಖ ಮಾಡಿ ಬಿಟ್ಟರೆ ಭೂತಗನ್ನಡಿಯ ಹಾಗೆ ಪರದೆಗೆ ತೂತು ಸುಡುತ್ತದೆ. ತೆಗೆಯದಿದ್ದಾಗ ಮುಚ್ಚಳ ಹಾಕಿ. ತೆಗೆಯುವಾಗ ಅದನ್ನು ಬಿಚ್ಚುವುದು ನೆನಪಿರಲಿ, ಕಿಟಕಿಯಲ್ಲಿ ಮುಚ್ಚಳ ಕಾಣುವುದಿಲ್ಲ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು, ಮಲೆನಾಡಿನವರು ಮಳೆಗಾಲದಲ್ಲಿ ವಿಶೇಷವಾಗಿ ಜೋಪಾನ ಮಾಡಬೇಕು. ಕ್ಯಾಮೆರಾ ಜೊತೆ ಬಂದ ಹಳೆಯ ಚರ್ಮದ ಚೀಲ ನೋಡಲು ಚಂದ, ಆದರೆ ಅದರಲ್ಲಿ ಲೆನ್ಸ್ ಇಡಬೇಡಿ. ಚರ್ಮ ತೇವ ಹೀರಿಕೊಳ್ಳುತ್ತದೆ, ಬೂಷ್ಟು ಅಲ್ಲಿಂದಲೇ ಹಿಡಿಯುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. ಸಿಲಿಕಾ ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ವಾರಕ್ಕೊಮ್ಮೆ ಲೆನ್ಸನ್ನು ಹೊರಗೆ ತೆಗೆದು, ಫೋಕಸ್ ಉಂಗುರ ಆ ತುದಿಯಿಂದ ಈ ತುದಿಗೆ ತಿರುಗಿಸಿ, ಟಾರ್ಚ್ ಹಾಕಿ ಒಮ್ಮೆ ನೋಡಿ ಇಡಿ.